ಹೆಬ್ರಿಡೀಸ್ ದ್ವೀಪಗಳಿಗೆ ಸಣ್ಣ ಹಡಗಿನಲ್ಲಿ ಹೋಗುವುದು ದುಡ್ಡಿಗೆ ತಕ್ಕದ್ದೇ?

ನೀವು ಕೇಳಿರುವುದು ಮೂರು ವಿಷಯ. ಸ್ಕಾಟ್‌ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳನ್ನು ಸಣ್ಣ ಹಡಗಿನಲ್ಲಿ ಸುತ್ತಲು ಅಷ್ಟು ಹಣ ಕೊಡಬಹುದೇ, ಅವುಗಳಿಂದಲೂ ಆಚೆ, ಈಗ ಊರು ಖಾಲಿಯಾಗಿರುವ ಸೇಂಟ್ ಕಿಲ್ಡಾ ದ್ವೀಪಗಳಿಗೆ ಖಂಡಿತ ಕರೆದೊಯ್ಯುತ್ತಾರೆಯೇ, ಅರವತ್ತು ದಾಟಿದ ಸಸ್ಯಾಹಾರಿ ತಾಯಿಯವರಿಗೆ ಇದು ಆದೀತೇ. ನಾನು ಗ್ಲ್ಯಾಸ್ಗೋದಲ್ಲಿ ನೆಲೆಸಿ, ಆ ಕಡಲಲ್ಲಿ ಓಡಾಡಿದವನು. ಹಣ ಕೊಡಬಹುದು, ಧಾರಾಳವಾಗಿ. ಸೇಂಟ್ ಕಿಲ್ಡಾದ ಖಾತರಿ ಮಾತ್ರ ಯಾರೂ ಕೊಡಲಾರರು. ಕೊಡುತ್ತೇವೆ ಎನ್ನುವವರ ಹಡಗು ಹತ್ತಬೇಡಿ. ತಾಯಿಯವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ದೊಡ್ಡ ಕ್ರೂಸ್ ಹಡಗು ಸ್ಟೋರ್ನೊವೇಯಂಥ ಬಂದರಿಗೆ ಬಂದು ಸಾವಿರಾರು ಜನರನ್ನು ಬಸ್ಸಿಗೆ ಹತ್ತಿಸಿ, ಸಂಜೆಗೆ ಹೊರಟುಬಿಡುತ್ತದೆ. ಆದರೆ ಈ ಕರಾವಳಿಯ ಸೊಗಸು ಇರುವುದು ಬಂದರೇ ಇಲ್ಲದ ಕಡೆ. ಬ್ರಿಟನ್ನಿನ ನಿಯಮದಲ್ಲಿ 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ಯಾಸೆಂಜರ್ ಹಡಗು, ಅದರ ಕಟ್ಟುಪಾಡುಗಳೇ ಬೇರೆ. ಹಾಗಾಗಿ ಓಬನ್ ಊರಿನಿಂದ ಹೊರಡುವ ಸಣ್ಣ ಹಡಗುಗಳಲ್ಲಿ ಬಹುಪಾಲು 12 ಜನರಿಗೋ ಅದಕ್ಕಿಂತ ಕಡಿಮೆ ಜನರಿಗೋ ಆದವು. ಎಷ್ಟೋ ಹಡಗುಗಳು ಹಿಂದೆ ಮೀನು ಹಿಡಿಯುತ್ತಿದ್ದ ಟ್ರಾಲರ್‌ಗಳೇ. ಕ್ಯಾಪ್ಟನ್, ಎಂಜಿನ್ ನೋಡಿಕೊಳ್ಳುವವರು, ಅಡುಗೆಯವರು, ಹಕ್ಕಿ-ಪ್ರಾಣಿಗಳ ಬಗ್ಗೆ ತಿಳಿಸಿಹೇಳುವ ಗೈಡ್, ಇಷ್ಟು ಜನರ ಸಂಬಳ, ಡೀಸೆಲ್ಲು ಎಲ್ಲ ಆ ಹನ್ನೆರಡು ಮಂದಿಯ ಟಿಕೆಟ್ಟಿನಿಂದಲೇ ಹೊರಡಬೇಕು. ದರ ಏರುವುದು ಅದಕ್ಕೇ. ಅದಕ್ಕೆ ಬದಲಾಗಿ ನಿಮಗೆ ಸಿಗುವುದು ಹೋಗಬೇಕಾದ ದಾರಿಯನ್ನು ಆ ದಿನದ ಗಾಳಿ ನೋಡಿ ತೀರ್ಮಾನಿಸುವ ಸ್ವಾತಂತ್ರ್ಯ. ಪಶ್ಚಿಮದ ಗಾಳಿ ಜೋರಾಯಿತೆಂದರೆ ದ್ವೀಪದ ಪೂರ್ವ ಮಗ್ಗುಲಿಗೆ ಸರಿದು, ಗುಡ್ಡಗಳ ನಡುವಿನ ಕೊಲ್ಲಿಯಲ್ಲಿ ಲಂಗರು ಹಾಕುತ್ತಾರೆ. ರಾತ್ರಿ ಹಡಗು ಅಲುಗಾಡದೆ ನಿಂತಿರುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಈ ಸಣ್ಣ ಹಡಗುಗಳಲ್ಲಿ ರಾತ್ರಿಯಿಡೀ ಪ್ರಯಾಣ ಮಾಡುವುದು ಅಪರೂಪ.

ಸಾಮಾನ್ಯವಾಗಿ ದಾರಿಯಲ್ಲಿ ಸಿಗುವುದು ಸ್ಟಾಫಾ ದ್ವೀಪ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳನ್ನು ನೀವು ನೋಡಿದ್ದರೆ ಇಲ್ಲಿ ಕಾಲಿಟ್ಟ ಕೂಡಲೇ ಪರಿಚಯದ ಭಾವ ಬರುತ್ತದೆ. ಎರಡೂ ಕಡೆ ನಡೆದದ್ದು ಒಂದೇ ಕ್ರಿಯೆ: ದಪ್ಪನಾಗಿ ಹರಿದ ಲಾವಾ ನಿಧಾನಕ್ಕೆ ತಣಿಯುತ್ತ ಕುಗ್ಗಿ, ಐದು-ಆರು ಮುಖದ ಕಂಬಗಳಾಗಿ ಸೀಳಿತು. ಮಲ್ಪೆಯದು ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಸ್ಟಾಫಾದ್ದು ಸುಮಾರು 6 ಕೋಟಿ ವರ್ಷದ್ದು, ಉತ್ತರ ಅಟ್ಲಾಂಟಿಕ್ ಬಾಯಿ ಬಿಡುತ್ತಿದ್ದಾಗಿನದು. ವ್ಯತ್ಯಾಸ ಗಾತ್ರದಲ್ಲಿದೆ. ಸ್ಟಾಫಾದಲ್ಲಿ ಕಂಬಗಳು ತಲೆಯ ಮೇಲೆ ಎದ್ದು ನಿಂತು, ನಡುವೆ ಫಿಂಗಲ್ ಗುಹೆಯಾಗಿದೆ. ಅಲೆ ಒಳಗೆ ನುಗ್ಗಿದಾಗ ಆ ಸದ್ದು ಎದೆಗೇ ತಾಗುತ್ತದೆ. 1829ರಲ್ಲಿ ಇಲ್ಲಿಗೆ ಬಂದಿದ್ದ ಸಂಗೀತಗಾರ ಮೆಂಡೆಲ್ಸನ್ ಹೆಬ್ರಿಡೀಸ್ ಹೆಸರಿನಲ್ಲೇ ಒಂದು ಕೃತಿ ರಚಿಸಿದರು.

ಇನ್ನು ಸೇಂಟ್ ಕಿಲ್ಡಾ. ನೀವು ಹೊರಡಬೇಕೆಂದಿರುವುದೇ ಅದಕ್ಕಾಗಿ ಎಂದು ಬರೆದಿದ್ದೀರಿ, ನನಗೆ ಅರ್ಥವಾಗುತ್ತದೆ. ನಾರ್ತ್ ಯೂಸ್ಟ್ ದ್ವೀಪದಿಂದ ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರ್, ತೆರೆದ ಅಟ್ಲಾಂಟಿಕ್ಕಿನಲ್ಲಿ. ಮುಖ್ಯ ದ್ವೀಪ ಹಿರ್ಟಾದಲ್ಲಿ ಇಳಿಯಲು ಯೋಗ್ಯವಾದ ಜಾಗ ವಿಲೇಜ್ ಬೇ ಎಂಬ ಕೊಲ್ಲಿಯೊಂದೇ, ಅದರ ಬಾಯಿ ಆಗ್ನೇಯಕ್ಕಿದೆ. ಆ ಕಡೆಯಿಂದ ಗಾಳಿ ಬೀಸಿದರೆ ಅಲೆ ನೇರ ಒಳಗೆ ಬರುತ್ತದೆ, ಯಾರೂ ಇಳಿಯುವಂತಿಲ್ಲ. ಬಿಸಿಲು ಚೆನ್ನಾಗಿರುವ ದಿನವೂ ಹೀಗಾಗಬಹುದು. ಆರು ದಿನದ ಪ್ರವಾಸವಾದರೆ ಕ್ಯಾಪ್ಟನ್ನಿಗೆ ಕಾಯಲು ಎಡೆಯಿರುವುದಿಲ್ಲ, ಒಂಬತ್ತು-ಹತ್ತು ದಿನದ್ದಾದರೆ ತಕ್ಕ ಗಾಳಿ ಒದಗುವ ಸಂಭವ ಹೆಚ್ಚು. ನಿಮ್ಮ ಮನಸ್ಸು ಅಲ್ಲೇ ಇದ್ದರೆ ಉದ್ದದ ಪ್ರವಾಸಕ್ಕೇ ದುಡ್ಡು ಹಾಕಿ, ಕ್ಯಾಬಿನ್ ಸಾಧಾರಣದ್ದಾದರೂ ಪರವಾಗಿಲ್ಲ.

ಇಳಿಯಲು ಸಿಕ್ಕಿತೆಂದುಕೊಳ್ಳಿ. ಮೊದಲು ಬ್ಯಾಗು, ಬೂಟು ಎಲ್ಲ ನೋಡಿಕೊಳ್ಳಬೇಕು. ಒಂದು ಇಲಿ ದ್ವೀಪ ಹೊಕ್ಕರೂ ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಹಕ್ಕಿಗಳ ಕಥೆ ಮುಗಿದಂತೆ. ದಡದಿಂದ ಸ್ವಲ್ಪ ಮೇಲೆ ಹದಿನಾರು ಮನೆಗಳ ಒಂದೇ ಬೀದಿ, 1860ರ ದಶಕದಲ್ಲಿ ಕಟ್ಟಿದ್ದು. ಈಗ ಹೆಚ್ಚಿನವಕ್ಕೆ ಸೂರಿಲ್ಲ, ಗೋಡೆ ಮಾತ್ರ. ಬೀದಿಯ ಹಿಂದೆ ಗುಡ್ಡದ ತುಂಬ ಕ್ಲೀಟ್ ಎಂಬ ಕಲ್ಲಿನ ಗೂಡುಗಳಿವೆ, ಹಿರ್ಟಾ ಒಂದರಲ್ಲೇ 1,200ಕ್ಕೂ ಮೇಲೆ. ಬಗ್ಗಿ ಒಂದರೊಳಗೆ ಹೋಗಿ ನೋಡಿ. ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಜೋಡಿಸಿದ್ದಾರೆ, ಮೇಲೆ ಚಪ್ಪಡಿ, ಅದರ ಮೇಲೆ ಹುಲ್ಲು ಸಮೇತ ಮಣ್ಣು. ಗೋಡೆಯ ಸಂದಿಗಳಲ್ಲಿ ಗಾಳಿ ಸುಯ್ಯೆಂದು ಹಾಯುತ್ತದೆ, ಮಳೆ ಮಾತ್ರ ಒಳಗೆ ಬರುವುದಿಲ್ಲ. ಬಂಡೆಗಳಿಂದ ಹಿಡಿದು ತಂದ ಹಕ್ಕಿಗಳನ್ನು, ಮೊಟ್ಟೆಗಳನ್ನು, ಉರಿಸುವ ಪೀಟ್ ಮಣ್ಣನ್ನು ಇದರೊಳಗೆ ಒಣಗಿಸಿ ಇಡುತ್ತಿದ್ದರು. ಮೀನಿಗಿಂತ ಹಕ್ಕಿಯನ್ನೇ ನೆಚ್ಚಿ ಬದುಕಿದ ಜನ ಅವರು. ಜಮೀನ್ದಾರನಿಗೆ ಗೇಣಿ ಕೊಡುತ್ತಿದ್ದದ್ದೂ ಹಕ್ಕಿಯ ಗರಿಯಲ್ಲಿ.

ಅಲ್ಲಿಂದ ಬೋರೆರೇ ದ್ವೀಪದತ್ತ ಹಡಗು ಹೊರಟರೆ ಪಕ್ಕದಲ್ಲೇ ಸ್ಟಾಕ್ ಆನ್ ಆರ್ಮಿನ್, ಕಡಲಿನಿಂದ ನೆಟ್ಟಗೆ 196 ಮೀಟರ್ ಎದ್ದ ಬಂಡೆ. ಬ್ರಿಟನ್ನಿನ ಸುತ್ತಲಿನ ಕಡಲಲ್ಲಿ ಇಂಥದ್ದರಲ್ಲಿ ಇದೇ ಅತಿ ಎತ್ತರದ್ದು. 1727ರಲ್ಲಿ ಮೂವರು ಗಂಡಸರು, ಎಂಟು ಹುಡುಗರು ಹಕ್ಕಿ ಹಿಡಿಯಲೆಂದು ಅದರ ಮೇಲೆ ಇಳಿದರು. ಅಷ್ಟರಲ್ಲಿ ಊರಿಗೆ ಸಿಡುಬು ಬಡಿಯಿತು. ದೋಣಿ ಹುಟ್ಟು ಹಾಕಿ ಅವರನ್ನು ವಾಪಸ್ ಕರೆತರಲು ಊರಿನಲ್ಲಿ ಆಳುಗಳೇ ಉಳಿಯಲಿಲ್ಲ. ಒಂಬತ್ತು ತಿಂಗಳು, ಚಳಿಗಾಲವನ್ನೂ ಸೇರಿಸಿ, ಆ ಬಂಡೆಯ ಮೇಲೆ ಹನ್ನೊಂದು ಮಂದಿಯೂ ಜೀವ ಹಿಡಿದುಕೊಂಡಿದ್ದರು. ಡೆಕ್ಕಿನಲ್ಲಿ ನಿಂತು ಆ ಬಂಡೆ ನೋಡುವಾಗ ನನ್ನ ಕಣ್ಣು ಹುಡುಕುವುದು ಒಬ್ಬ ಮನುಷ್ಯ ಮಲಗುವಷ್ಟು ಸಮತಟ್ಟಾದ ಜಾಗ ಎಲ್ಲಾದರೂ ಇದೆಯೇ ಎಂದು. ಗ್ಯಾನೆಟ್ ಎಂಬ ಕಡಲ ಹಕ್ಕಿಗಳು ಅಲ್ಲಿ ಸಾವಿರಾರು ಗೂಡು ಕಟ್ಟಿವೆ. ರೆಕ್ಕೆ ಬಿಚ್ಚಿದರೆ ಒಂದೊಂದೂ ಸುಮಾರು ಆರು ಅಡಿ.

ಕೊನೆಗೆ ಊರು ಖಾಲಿಯಾದದ್ದು 1930ರ ಆಗಸ್ಟ್ 29ರಂದು. ಯುವಕರು ಹೊರಗೆ ಹೋಗಿ ಕೈಗಳು ಕಡಿಮೆಯಾಗಿದ್ದವು. ಆ ವರ್ಷದ ಆರಂಭದಲ್ಲಿ ಕಾಯಿಲೆ ಬಿದ್ದ ತರುಣಿಯೊಬ್ಬಳು ತೀರಿಕೊಂಡ ಮೇಲೆ, ನಮ್ಮನ್ನು ಕರೆದುಕೊಂಡು ಹೋಗಿ ಎಂದು ಊರಿನವರೇ ಸರ್ಕಾರಕ್ಕೆ ಅರ್ಜಿ ಬರೆದರು. ಉಳಿದಿದ್ದ 36 ಜನ ಎಚ್‌ಎಂಎಸ್ ಹೇರ್‌ಬೆಲ್ ಎಂಬ ನೌಕಾಪಡೆಯ ಹಡಗು ಹತ್ತಿದರು. ಅವತ್ತು ಎಂಟು ವರ್ಷದವಳಾಗಿದ್ದ ರೇಚಲ್ ಜಾನ್ಸನ್ 2016ರಲ್ಲಿ ನಿಧನರಾದರು, ಆ ಊರಿನಲ್ಲಿ ಹುಟ್ಟಿದವರಲ್ಲಿ ಅವರೇ ಕೊನೆಯವರು. ಇಂಥ ಊರನ್ನು ಫೋಟೋಗಷ್ಟೇ ನೋಡಿ ಬರಬೇಡಿ, ಮೊದಲೇ ಸ್ವಲ್ಪ ಓದಿಕೊಂಡು ಹೋಗಿ.

ಗಾಳಿ ಬಿಡದೆ ಸೇಂಟ್ ಕಿಲ್ಡಾ ತಪ್ಪಿತೆಂದರೂ ಪ್ರವಾಸ ಕೆಟ್ಟಿತೆಂದು ಅಂದುಕೊಳ್ಳಬೇಡಿ. ದಕ್ಷಿಣದ ತುದಿಯ ಮಿಂಗುಲೇ ದ್ವೀಪದಲ್ಲೂ ಬಿಳಿ ಮರಳಿನ ಮೇಲುಗಡೆ 1912ರಲ್ಲಿ ಜನ ಬಿಟ್ಟುಹೋದ ಊರಿದೆ, ಅಲ್ಲಿಗೆ ಬರುವವರು ತೀರ ಕಡಿಮೆ. ಶಿಯಂಟ್ ದ್ವೀಪಗಳಲ್ಲಿ ಇಲಿಗಳನ್ನು ನಿರ್ಮೂಲ ಮಾಡಿದ್ದಾರೆ, ಇಲಿಮುಕ್ತವೆಂದು 2018ರಲ್ಲಿ ಘೋಷಣೆಯಾಯಿತು. ಅಲ್ಲಿನ ನೀರಿನ ತುಂಬ ಪಫಿನ್ ಎಂಬ ಬಣ್ಣದ ಕೊಕ್ಕಿನ ಕಡಲ ಹಕ್ಕಿಗಳು.

ನೀವು ಮೈಸೂರಿನವರಾದ್ದರಿಂದ ಸ್ಟೋರ್ನೊವೇಯಲ್ಲಿ ನಿಂತಾಗ ನೆನೆಯಬೇಕಾದವರು ಒಬ್ಬರಿದ್ದಾರೆ, ಕಾಲಿನ್ ಮೆಕೆಂಜಿ. ಅದೇ ಊರಿನಲ್ಲಿ ಹುಟ್ಟಿ, ಅಲ್ಲಿನ ಕಸ್ಟಮ್ಸ್‌ನಲ್ಲಿ ಕೆಲಸ ಮಾಡುತ್ತಿದ್ದವರು 1783ರಲ್ಲಿ ಭಾರತಕ್ಕೆ ಬಂದರು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಂಪನಿಯ ಪಡೆಯಲ್ಲಿದ್ದರು. ಆಮೇಲೆ ಮೈಸೂರು ಸೀಮೆಯ ಸರ್ವೆ ನಡೆಸಿದರು, ನಮ್ಮ ಊರೂರಿನ ಕೈಫಿಯತ್ತುಗಳನ್ನು ಅಂದರೆ ಹಳೆಯ ವೃತ್ತಾಂತಗಳನ್ನು, ಶಾಸನಗಳ ನಕಲುಗಳನ್ನು ಸಂಗ್ರಹಿಸಿದರು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಹಳಗನ್ನಡ ಶಾಸನಗಳನ್ನು ಓದಿಕೊಡದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. 1816ರಲ್ಲಿ ಬರೆದ ಮೆಕೆಂಜಿಯ ಚಿತ್ರದಲ್ಲಿ ಧರ್ಮಯ್ಯನವರೂ ಇದ್ದಾರೆ, ಹಿನ್ನೆಲೆಯಲ್ಲಿ ಗೊಮ್ಮಟನಿದ್ದಾನೆ.

ಈಗ ತಾಯಿಯವರ ವಿಷಯ. ಕಷ್ಟವಿರುವುದು ನಡೆಯುವುದರಲ್ಲಲ್ಲ, ಹಡಗಿನಿಂದ ಗಾಳಿ ತುಂಬಿದ ರಬ್ಬರ್ ದೋಣಿಗೆ ಇಳಿಯುವುದರಲ್ಲಿ. ಹಡಗಿನವರು ಅಂಗೈ ಹಿಡಿಯುವುದಿಲ್ಲ, ಮುಂಗೈಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ, ತಾಯಿಯವರೂ ಅವರ ಮುಂಗೈಯನ್ನು ಹಾಗೇ ಹಿಡಿಯಬೇಕು. ಒದ್ದೆ ಕೈ ಜಾರಿದರೂ ಆ ಹಿಡಿತ ತಪ್ಪುವುದಿಲ್ಲ. ದೋಣಿ ಅಲೆಯ ಜೊತೆ ಮೇಲೆ ಬಂದಾಗ "ಈಗ" ಎನ್ನುತ್ತಾರೆ, ಆಗ ಹೆಜ್ಜೆ ಇಟ್ಟು ಕೂಡಲೇ ಕುಳಿತುಬಿಡಬೇಕು. ಮನೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿಳಿಯುವವರಿಗೆ ಇದು ಸಾಧ್ಯ. ಮಂಡಿನೋವು ತೀರ ಇದ್ದರೆ ಸಣ್ಣ ಹಡಗು ಬೇಡ, ಫೆರಿಯಲ್ಲಿ ಮಲ್, ಅಯೋನಾ ದ್ವೀಪಗಳನ್ನು ನೋಡಿಸಿ. ಹೊಟ್ಟೆ ತೊಳಸುವ ತೊಂದರೆಗೆ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಸಸ್ಯಾಹಾರವನ್ನು ಬುಕ್ ಮಾಡುವಾಗಲೇ ಬರೆದು ತಿಳಿಸಿ, ಮೊಟ್ಟೆ ತಿನ್ನುತ್ತಾರೋ ಇಲ್ಲವೋ ಅದನ್ನೂ ಬಿಡಿಸಿ ಹೇಳಿ. ಚಟ್ನಿಪುಡಿ ಜೊತೆಗಿರಲಿ.

ಪಫಿನ್ ನೋಡಬೇಕಾದರೆ ಮೇ ನಡುವಿನಿಂದ ಜುಲೈ ನಡುವಿನ ತನಕ ಹೋಗಿ, ಆಗಸ್ಟ್ ಬಂತೆಂದರೆ ಅವು ಕಡಲಿಗೆ ಹೊರಟಿರುತ್ತವೆ. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ವೀಸಾ ಬ್ರಿಟನ್ನಿನದು, ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಹಣ ಕಟ್ಟುವ ಮುನ್ನ ಹಡಗಿನವರನ್ನು ಕೇಳಿ: ಕಳೆದ ವರ್ಷದ ಪ್ರವಾಸಗಳಲ್ಲಿ ಎಷ್ಟರಲ್ಲಿ ಹಿರ್ಟಾದಲ್ಲಿ ಇಳಿದಿರಿ, ಇಳಿಯಲಾಗದಾಗ ಎಲ್ಲಿಗೆ ಕರೆದೊಯ್ದಿರಿ. ಇದಕ್ಕೆ ಬಿಡಿಸಿ ಉತ್ತರ ಕೊಡುವವರ ಹತ್ತಿರ ಬುಕ್ ಮಾಡಿ.