ಮಾನಿ ಭಾರತದಲ್ಲಿ ಕಲಿತು ಹೋದನೇ?

ಪ್ರಶ್ನೆ: ಮಾನಿ ಭಾರತಕ್ಕೆ ಬಂದು, ಬೌದ್ಧರಿಂದ ಮತ್ತು ಜೈನರಿಂದ ಕಲಿತು ತನ್ನ ಧರ್ಮ ಕಟ್ಟಿದನಂತೆ. ನಿಜವೇ?

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಮಾನಿ ಮೂರನೇ ಶತಮಾನದ ಪ್ರವಾದಿ, ಮಾನಿ ಧರ್ಮದ ಸ್ಥಾಪಕ. ಅವನು ಭಾರತಕ್ಕೆ ಬಂದದ್ದು ನಿಜ. ಸುಮಾರು ಕ್ರಿ.ಶ. 240ರಲ್ಲಿ ಸಿಂಧೂ ನದಿಯ ಕಡೆಗೆ ಬಂದ. ಆದರೆ ಅವನು ಹುಟ್ಟಿದ್ದು 216ರಲ್ಲಿ, ಈಗಿನ ಇರಾಕಿನಲ್ಲಿ. ಇಲ್ಲಿಗೆ ಬರುವ ಹೊತ್ತಿಗೆ, ತಾನು ಬೆಳೆದ ಪಂಥದ ಜೊತೆ ಜಗಳವಾಡಿ ಹೊರಬಿದ್ದಾಗಿತ್ತು.

ಆ ಜಗಳದ ಕಥೆ ಜರ್ಮನಿಯ ಕಲೋನ್‌ನಲ್ಲಿರುವ ಒಂದು ಗ್ರೀಕ್ ಪುಸ್ತಕದಲ್ಲಿದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪುಸ್ತಕ. ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಪುಟದಲ್ಲಿ 23 ಸಾಲು! ಮಾನಿ ಬೆಳೆದದ್ದು ಯೇಸುವನ್ನು ನಂಬುತ್ತಿದ್ದ ಒಂದು ಸ್ನಾನವ್ರತದ ಪಂಥದಲ್ಲಿ. ಅವರು ತರಕಾರಿಗೂ ಶುದ್ಧಿಸ್ನಾನ ಮಾಡಿಸುತ್ತಿದ್ದರು. ತೊಳೆದು ತಿಂದರೂ ತೊಳೆಯದೆ ತಿಂದರೂ ಹೊಟ್ಟೆಯಲ್ಲಿ ಆಗುವುದು ಒಂದೇ ಅಲ್ವಾ ಎಂದು ಮಾನಿ ವಾದಿಸಿದ. ತೋಟದ ಸೊಪ್ಪನ್ನು ಅವನು ತನ್ನ ಕೈಯಿಂದ ಕೀಳುತ್ತಿರಲಿಲ್ಲ, ಬೇರೆಯವರಿಂದ ಭಿಕ್ಷೆಯ ಹಾಗೆ ಕೇಳಿ ಪಡೆಯುತ್ತಿದ್ದ. ಕಡಿಯಲು ಹೋದವನ ಜೊತೆ ಖರ್ಜೂರದ ಮರವೇ ಮಾತಾಡಿದ ಪ್ರಸಂಗವೂ ಅದರಲ್ಲಿದೆ. ಗಿಡಮರಕ್ಕೂ ನೋವಿದೆ ಎಂಬ ಮಾತು ಅವನಲ್ಲಿ ಬೇರು ಬಿಟ್ಟದ್ದು ಅಲ್ಲಿಯೇ.

ಜೈನ ಮುನಿಗಳಿಗೆ ಶ್ರಾವಕರು ಆಹಾರ ಕೊಡುವುದನ್ನು ಕಂಡ ನಮಗೆ ಹೋಲಿಕೆ ಥಟ್ಟನೆ ಹೊಳೆಯುತ್ತದೆ. ಮಾನಿಯ ಸನ್ಯಾಸಿಗಳಿಗೂ ‘ಕೇಳುಗರು’, ಅಂದರೆ ಸನ್ಯಾಸಿಗಳಲ್ಲದ ಸಾಮಾನ್ಯ ಅನುಯಾಯಿಗಳು, ಊಟ ತರುತ್ತಿದ್ದರು. ಶ್ರಾವಕ ಅಂದರೂ ಕೇಳುವವನೇ. ಆದರೆ ಕಾರಣ ಪೂರ್ತಿ ಬೇರೆ. ಕರಬೂಜ, ಸೌತೆಕಾಯಿಯೊಳಗೆ ದೇವರ ಬೆಳಕು ಸಿಕ್ಕಿಹಾಕಿಕೊಂಡಿದೆ, ಸನ್ಯಾಸಿ ಉಂಡರೆ ಅದು ಬಿಡುಗಡೆಯಾಗುತ್ತದೆ ಎಂಬುದು ಅವರ ನಂಬಿಕೆ. ಇದು ಜೈನರಲ್ಲಿ ಎಲ್ಲಿದೆ? ಬುದ್ಧನ ಋಣವನ್ನಂತೂ ಮಾನಿ ಮುಚ್ಚಿಟ್ಟಿಲ್ಲ. ಬುದ್ಧ, ಪಾರಸಿ ಧರ್ಮದ ಪ್ರವಾದಿ ಜರತುಷ್ಟ್ರ, ಯೇಸು ತನಗಿಂತ ಮೊದಲು ಬಂದ ದೂತರು ಎಂದು ತಾನೇ ಬರೆದ. ಪರ್ಷಿಯಾದ ದೊರೆ ಶಾಪುರ್‌ಗೆ ಒಪ್ಪಿಸಿದ ಪುಸ್ತಕದ ಮಾತಿದು. ಸುಮ್ನೆ ಹೆಮ್ಮೆಗೆಂದು ಅವನನ್ನು ನಮ್ಮ ಶಿಷ್ಯನನ್ನಾಗಿ ಮಾಡಬೇಡಿ.

ಪ್ರಶ್ನೆ: ಕ್ರೈಸ್ತ ಸಂತ ಅಗಸ್ಟೀನ್ ಮೊದಲು ಮಾನಿ ಧರ್ಮದ ಸನ್ಯಾಸಿಯಾಗಿದ್ದರೇ?

ಇಲ್ಲ. ಸುಮಾರು ಒಂಬತ್ತು ವರ್ಷ ಕೇಳುಗರಾಗಿದ್ದರು, ಅಷ್ಟೇ.

ಪ್ರಶ್ನೆ: ಆನ್‌ಲೈನಿನಲ್ಲಿ ಮಾನಿ ಧರ್ಮದ ದೀಕ್ಷೆ ಕೊಡುತ್ತಾರಂತೆ, ಪರಂಪರೆ ಮುರಿದಿಲ್ಲವಂತೆ. ಸೇರಬಹುದೇ?

ದುಡ್ಡು ಕಟ್ಟಬೇಡಿ. ಮಾನಿ ಸತ್ತದ್ದು ಪರ್ಷಿಯಾದ ಸೆರೆಮನೆಯಲ್ಲಿ. ಅವನ ಜನರನ್ನು ರೋಮ್, ಪರ್ಷಿಯಾ, ಚೀನಾ ಎಲ್ಲ ಕಡೆಯೂ ಅಟ್ಟಿಸಿಕೊಂಡು ಹೋದರು. ಗುರುಪರಂಪರೆ ಯಾವತ್ತೋ ಕಡಿದುಹೋಗಿದೆ. ಅಷ್ಟು ಆಸೆಯಿದ್ದರೆ ಆ ದುಡ್ಡಲ್ಲಿ ಚೀನಾದ ಚುವಾನ್‌ಝೌ ಹತ್ತಿರದ ತ್ಸಾವ್‌ಆನ್ ಗುಡಿ ನೋಡಿಬನ್ನಿ. 1339ರಲ್ಲಿ ಬಂಡೆಯಲ್ಲಿ ಕಡೆದ ಮಾನಿ ಅಲ್ಲಿ ಕೂತಿದ್ದಾನೆ, ‘ಬೆಳಕಿನ ಬುದ್ಧ’ ಎಂಬ ಹೆಸರಿನಲ್ಲಿ.