ನಲವತ್ತು ಲಕ್ಷ ಜನ ನಿಮ್ಮ ಲೇಖನದಲ್ಲಿ ಎಲ್ಲಿದ್ದಾರೆ?

ನಮಸ್ಕಾರ.

ನೀವು ಕಳಿಸಿದ ‘ಅಮೆರಿಕದ ಅಂತರ್ಯುದ್ಧ: ಕಾರಣ ಮತ್ತು ಪರಿಣಾಮ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಿಬಿಡಲೂ ಮನಸ್ಸಿಲ್ಲ. ನಿಮ್ಮ ಭಾಷೆ ಸಲೀಸಾಗಿದೆ. ಗೆಟ್ಟಿಸ್‌ಬರ್ಗ್ ಕದನದ ಮೂರು ದಿನಗಳನ್ನು ಚೆನ್ನಾಗಿ ಕಟ್ಟಿಕೊಟ್ಟಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನನ್ನ ದೊಡ್ಡ ತಕರಾರು ಇದು. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ದೇಶದ ಪ್ರತಿ ಎಂಟು ಜನರಲ್ಲಿ ಒಬ್ಬರು. ಈ ಸಂಖ್ಯೆಯನ್ನು ನೀವೇ ಶುರುವಿನಲ್ಲಿ ಕೊಟ್ಟಿದ್ದೀರಿ. ಆಮೇಲೆ ಈ ಜನ ಏನು ಮಾಡಿದರು? ನಿಮ್ಮ ಲೇಖನದಲ್ಲಿ ಏನೂ ಮಾಡುವುದಿಲ್ಲ. ಅವರನ್ನು ಮಾರುತ್ತಾರೆ, ಹೊಡೆಯುತ್ತಾರೆ, ಕೊನೆಗೆ ಅಧ್ಯಕ್ಷ ಲಿಂಕನ್ ಬಿಡಿಸುತ್ತಾರೆ. ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಸೇನಾಧಿಕಾರಿಗಳ ಹೆಸರುಗಳು ಮಾತ್ರ ಪುಟಪುಟದಲ್ಲೂ ಇವೆ.

ಈಗ ಕಾರಣಗಳ ವಿಷಯಕ್ಕೆ ಬರೋಣ. ‘ಯುದ್ಧಕ್ಕೆ ಮುಖ್ಯ ಕಾರಣ ರಾಜ್ಯಗಳ ಹಕ್ಕು, ಗುಲಾಮಗಿರಿ ಅದರಲ್ಲೊಂದು’ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಅಮೆರಿಕದ ಒಕ್ಕೂಟ ಬಿಟ್ಟು ಬೇರೆಯಾದ ದಕ್ಷಿಣದ ರಾಜ್ಯಗಳೇ ಇದನ್ನು ಒಪ್ಪಿರಲಿಲ್ಲ. 1860ರ ಡಿಸೆಂಬರ್‌ನಲ್ಲಿ ಮೊದಲು ಹೊರಬಿದ್ದ ಸೌತ್ ಕ್ಯಾರೊಲೈನಾ ತನ್ನ ಕಾರಣಗಳನ್ನು ಬರೆದು ಪ್ರಕಟಿಸಿತು. ಅದರಲ್ಲಿದ್ದ ದೂರು ಏನು ಗೊತ್ತಾ? ಓಡಿಹೋದ ಗುಲಾಮರನ್ನು ಹಿಡಿದು ಕೊಡಲು ಉತ್ತರದ ರಾಜ್ಯಗಳು ಒಪ್ಪುತ್ತಿಲ್ಲ, ಅದಕ್ಕೆ ಅಡ್ಡಿಯಾಗುವ ಕಾನೂನು ಮಾಡಿಕೊಂಡಿವೆ ಅಂತ. ಅಂದರೆ ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರ ಸಿಟ್ಟು. ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎಂದು ಮಿಸಿಸಿಪ್ಪಿ ಮುಚ್ಚುಮರೆಯಿಲ್ಲದೆ ಹೇಳಿತು. ದಕ್ಷಿಣದವರು ಕಟ್ಟಿಕೊಂಡ ಹೊಸ ಸಂವಿಧಾನವಂತೂ ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಯಾವ ಕಾನೂನನ್ನೂ ಸಂಸತ್ತು ಮಾಡುವಂತಿಲ್ಲ ಎಂದು ಬರೆದಿಟ್ಟಿತು. ಅವರೇ ಕೈಯಾರೆ ಬರೆದಿದ್ದನ್ನು ಬಿಟ್ಟು, ಸೋತ ಮೇಲೆ ಹೇಳಿಕೊಂಡ ಸಮಜಾಯಿಷಿಯನ್ನು ನೀವು ಯಾಕೆ ಎತ್ತಿಕೊಂಡಿರಿ?

ಇನ್ನೊಂದು ಪ್ರಶ್ನೆ ಓದುಗರಿಗೆ ಖಂಡಿತ ಬರುತ್ತದೆ. ಗುಲಾಮಗಿರಿ ಇದ್ದ ರಾಜ್ಯಗಳಲ್ಲಿ ಅದನ್ನು ಮುಟ್ಟುವುದಿಲ್ಲ ಎಂದು ಲಿಂಕನ್ ಹೇಳುತ್ತಲೇ ಇದ್ದರು. ಪಶ್ಚಿಮದ ಹೊಸ ಪ್ರಾಂತ್ಯಗಳಿಗೆ ಹಬ್ಬಬಾರದು ಅಂದಿದ್ದರು, ಅಷ್ಟೇ. ಮತ್ತೆ ದಕ್ಷಿಣಕ್ಕೆ ಅಷ್ಟು ಭಯ ಯಾಕೆ? ಇದಕ್ಕೆ ನಿಮ್ಮ ಲೇಖನದಲ್ಲಿ ಉತ್ತರವಿಲ್ಲ. ಹೊಸ ರಾಜ್ಯಗಳೆಲ್ಲ ಗುಲಾಮಗಿರಿ ಇಲ್ಲದವೇ ಆದರೆ ಪ್ರತಿ ರಾಜ್ಯಕ್ಕೂ ಸಮಾನ ಸ್ಥಾನಗಳಿರುವ ಮೇಲ್ಮನೆ ಸೆನೆಟ್‌ನಲ್ಲಿ ದಕ್ಷಿಣದ ಬಲ ಕುಗ್ಗುತ್ತಿತ್ತು. ಜೊತೆಗೆ ದುಡ್ಡಿನ ಲೆಕ್ಕವೂ ಇತ್ತು. ಆ 40 ಲಕ್ಷ ಜನರಿಗೆ ಮಾರುಕಟ್ಟೆ ಕಟ್ಟಿದ್ದ ಬೆಲೆ, ದೇಶದ ರೈಲ್ವೆ ಮತ್ತು ಕಾರ್ಖಾನೆಗಳಲ್ಲಿ ಹಾಕಿದ್ದ ಒಟ್ಟು ಬಂಡವಾಳಕ್ಕಿಂತ ಜಾಸ್ತಿ ಇತ್ತು. ಮನುಷ್ಯರನ್ನು ಅಡವಿಟ್ಟು ಸಾಲ ಎತ್ತುತ್ತಿದ್ದ ಕಾಲ ಅದು. ಇದನ್ನು ವಿವರವಾಗಿ ಬರೆಯಿರಿ.

ಧಾರವಾಡದ ಹತ್ತಿಯ ಬಗ್ಗೆ ಕೊನೆಯಲ್ಲಿ ಮೂರು ಸಾಲು ಸೇರಿಸಿದ್ದೀರಿ. ವಿಷಯ ನಿಜ, ಜಾಗ ತಪ್ಪು. ತಾವು ಬೆಳೆಸುತ್ತಿದ್ದ ಹತ್ತಿಗಾಗಿ ಬ್ರಿಟನ್ ತಮ್ಮ ಬೆನ್ನಿಗೆ ನಿಲ್ಲಲೇಬೇಕು ಎಂದು ದಕ್ಷಿಣದ ಜಮೀನ್ದಾರರು ನಂಬಿದ್ದರು. ಬ್ರಿಟನ್ ನಿಲ್ಲಲಿಲ್ಲ. ಈಜಿಪ್ಟ್ ಮತ್ತು ಭಾರತದಿಂದ ಹತ್ತಿ ತರಿಸಿಕೊಂಡಿತು. ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜದ ಹತ್ತಿ 1840ರ ದಶಕದಿಂದಲೇ ಬೆಳೆಯುತ್ತಿತ್ತು. ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಗಗನಕ್ಕೇರಿತು. ಆ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣದವರ ಲೆಕ್ಕಾಚಾರ ಎಲ್ಲಿ ಕೈಕೊಟ್ಟಿತು ಎಂದು ಹೇಳುವಾಗ ಇದನ್ನು ತನ್ನಿ. ಅಲ್ಲಿ ಅದಕ್ಕೆ ಕೆಲಸವಿದೆ.

‘1863ರ ಜನವರಿ 1ರಂದು ಲಿಂಕನ್ ಎಲ್ಲ ಗುಲಾಮರಿಗೂ ಬಿಡುಗಡೆ ಕೊಟ್ಟರು’ ಎಂಬುದು ತಪ್ಪು. ಆ ಘೋಷಣೆ ದಂಗೆ ಎದ್ದ ಪ್ರದೇಶಗಳಿಗೆ ಮಾತ್ರ. ಲಿಂಕನ್ ಕಡೆಗೇ ಉಳಿದಿದ್ದ ಕೆಂಟಕಿ, ಡೆಲವೇರ್‌ನಂಥ ರಾಜ್ಯಗಳಿಗೆ ಅದು ಅನ್ವಯಿಸಲಿಲ್ಲ. ಈ ಎರಡು ರಾಜ್ಯಗಳಲ್ಲಿ ಗುಲಾಮಗಿರಿ ಕೊನೆಯಾಗಿದ್ದು 1865ರ ಡಿಸೆಂಬರ್‌ನಲ್ಲಿ, ಅದನ್ನು ಇಡೀ ದೇಶದಲ್ಲಿ ರದ್ದು ಮಾಡುವ, ಸಂವಿಧಾನದ 13ನೇ ತಿದ್ದುಪಡಿ ಜಾರಿಯಾದಾಗ.

ಬಿಡುಗಡೆಯ ಕಥೆಯನ್ನು ನೀವು ಬೇರೆ ಕಡೆಯಿಂದ ಶುರು ಮಾಡಬೇಕು. 1861ರ ಮೇ ತಿಂಗಳು, ವರ್ಜೀನಿಯಾ. ಫ್ರಾಂಕ್ ಬೇಕರ್, ಜೇಮ್ಸ್ ಟೌನ್ಸೆಂಡ್, ಶೆಪರ್ಡ್ ಮ್ಯಾಲರಿ ಎಂಬ ಮೂವರು ಗುಲಾಮರನ್ನು ದಕ್ಷಿಣದ ಸೇನೆ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಹಚ್ಚಿತ್ತು. ಒಂದು ರಾತ್ರಿ ಅವರು ದೋಣಿ ಹತ್ತಿ, ನೀರು ದಾಟಿ, ಉತ್ತರದವರ ಕೈಯಲ್ಲಿದ್ದ ಮನ್ರೊ ಕೋಟೆಗೆ ಹೋದರು. ಮರುದಿನ ದಕ್ಷಿಣದ ಅಧಿಕಾರಿ ಬಿಳಿ ಬಾವುಟ ಹಿಡಿದು ಬಂದು, ಕಾನೂನಿನ ಪ್ರಕಾರ ಅವರನ್ನು ವಾಪಸ್ ಕೊಡಿ ಅಂದ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ನೀವು ಬೇರೆ ದೇಶ ಅಂತೀರಿ, ಹಾಗಿದ್ದರೆ ಅಮೆರಿಕದ ಕಾನೂನು ನಿಮಗೆ ಹೇಗೆ ಸಿಗುತ್ತೆ ಎಂದು ಕೇಳಿ, ಶತ್ರುವಿನಿಂದ ವಶಪಡಿಸಿಕೊಂಡ ಸರಕು ಎಂಬ ಲೆಕ್ಕದಲ್ಲಿ ಅವರನ್ನು ಅಲ್ಲೇ ಉಳಿಸಿಕೊಂಡ. ಸುದ್ದಿ ಹಬ್ಬಿತು. ಹೆಂಗಸರು, ಮಕ್ಕಳು, ಮುದುಕರು ಬರತೊಡಗಿದರು. ಮುಂದೆ ಸಾವಿರಾರು ಜನ ಬಂದರು. ಆಗಸ್ಟ್ ಹೊತ್ತಿಗೆ ಸಂಸತ್ತು ಇಂಥವರ ಬಗ್ಗೆ ಕಾನೂನು ಮಾಡಬೇಕಾಯಿತು. ಲಿಂಕನ್ ಘೋಷಣೆಗೆ ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು, ನೋಡಿ. ಆ ಮೂವರು ದೋಣಿ ಹತ್ತಿದ್ದರಿಂದಲೇ ಸರ್ಕಾರ ಯೋಚಿಸಬೇಕಾದ ಸ್ಥಿತಿ ಬಂತು.

ಆಮೇಲೆ ಸುಮಾರು 1,80,000 ಕಪ್ಪು ಜನ ಉತ್ತರದ ಸೇನೆ ಸೇರಿದರು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಂಡು ಕೈಗೆ ಸಿಗುತ್ತಿದ್ದುದು 7. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟ್ ಆ ಸಂಬಳವನ್ನೇ ಮುಟ್ಟಲಿಲ್ಲ. ಸಂಬಳವಿಲ್ಲದೆ ಕಾದಾಡಿತು. 1864ರಲ್ಲಿ ಸಂಸತ್ತು ಸಮಾನ ಸಂಬಳಕ್ಕೆ ಒಪ್ಪಿತು. ಗೆಟ್ಟಿಸ್‌ಬರ್ಗ್‌ನ ನಾಲ್ಕು ಪುಟ ಒಂದಕ್ಕೆ ಇಳಿಸಿದರೆ ಇದಕ್ಕೆಲ್ಲ ಜಾಗ ಸಿಗುತ್ತದೆ.

ಪರಿಣಾಮದ ಭಾಗ ನನಗೆ ಜಾಸ್ತಿ ಬೇಸರ ತಂದಿತು. 1865ಕ್ಕೆ ಎಲ್ಲ ಸುಖಾಂತ್ಯ ಎಂಬಂತೆ ಮುಗಿಸಿಬಿಟ್ಟಿದ್ದೀರಿ. ಪರಿಹಾರ ಸಿಕ್ಕಿದ್ದು ಯಾರಿಗೆ ಎಂದು ಒಮ್ಮೆ ನೋಡಿ. 1862ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ರದ್ದಾದಾಗ ಒಬ್ಬೊಬ್ಬ ಗುಲಾಮನಿಗೆ 300 ಡಾಲರ್‌ವರೆಗೆ ಕೊಟ್ಟರು, ಅದೂ ಒಡೆಯರಿಗೆ. ಬಿಡುಗಡೆಯಾದವರಿಗೆ 100 ಡಾಲರ್‌ವರೆಗೆ ಸಿಗಬಹುದಿತ್ತು, ದೇಶ ಬಿಟ್ಟು ಹೋಗಲು ಒಪ್ಪಿದರೆ ಮಾತ್ರ. 1865ರ ಜನವರಿಯಲ್ಲಿ ಉತ್ತರದ ಜನರಲ್ ಶೆರ್ಮನ್ ದಕ್ಷಿಣದ ಕರಾವಳಿಯ ಜಮೀನನ್ನು ಬಿಡುಗಡೆಯಾದವರಿಗೆ ಕುಟುಂಬಕ್ಕೆ 40 ಎಕರೆವರೆಗೆ ಹಂಚಲು ಆದೇಶಿಸಿದ. ಲಿಂಕನ್ ಕೊಲೆಯ ನಂತರ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಜಮೀನನ್ನು ಹಳೆಯ ಒಡೆಯರಿಗೆ ವಾಪಸ್ ಕೊಡಿಸಿದ. ಬಿತ್ತಿದವರು ಎದ್ದು ಹೋಗಬೇಕಾಯಿತು.

13ನೇ ತಿದ್ದುಪಡಿಯಲ್ಲಿ ಅಪರಾಧಕ್ಕೆ ಶಿಕ್ಷೆಯಾದವರನ್ನು ಹೊರತುಪಡಿಸಿ ಎಂಬ ಮಾತಿದೆ. ಅದನ್ನು ನೀವು ಬಿಟ್ಟಿದ್ದೀರಿ. ದಕ್ಷಿಣದವರು ಬಿಡಲಿಲ್ಲ. ಕಪ್ಪು ಜನ ಪ್ರತಿ ವರ್ಷ ಜನವರಿಯಲ್ಲಿ ತಮಗೆ ಕೆಲಸವಿದೆ ಎಂಬುದಕ್ಕೆ ಬರಹದ ಪುರಾವೆ ತೋರಿಸಬೇಕೆಂದು ಮಿಸಿಸಿಪ್ಪಿ 1865ರಲ್ಲೇ ಕಾನೂನು ಮಾಡಿತು. ತೋರಿಸದವರು ಪುಂಡರು, ಅಲೆಮಾರಿಗಳು. ಅವರಿಗೆ ದಂಡ. ಕಟ್ಟಲು ಆಗದವರನ್ನು ದಂಡ ಕಟ್ಟಿದವನ ಹೊಲದಲ್ಲಿ ದುಡಿಯಲು ಒಪ್ಪಿಸುತ್ತಿದ್ದರು. ಮುಂದೆ ಕೈದಿಗಳನ್ನು ಗಣಿಗಳಿಗೂ ತೋಟಗಳಿಗೂ ಬಾಡಿಗೆಗೆ ಕೊಡುವುದೇ ದಂಧೆಯಾಯಿತು.

ನಡುವೆ ಒಂದು ಭರವಸೆಯ ಕಾಲವೂ ಇತ್ತು. 1870ರಲ್ಲಿ ಅದೇ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಎಂಬ ಕಪ್ಪು ವ್ಯಕ್ತಿ ಸೆನೆಟ್‌ಗೆ ಹೋದರು. 1877ರ ನಂತರ ಉತ್ತರದವರು ದಕ್ಷಿಣದ ಕಪ್ಪು ಜನರ ಕೈಬಿಟ್ಟರು. 1890ರಲ್ಲಿ ಆ ರಾಜ್ಯ ಹೊಸ ಸಂವಿಧಾನ ಬರೆದು, ಮತ ಹಾಕಲು ಕಟ್ಟಬೇಕಾದ ತೆರಿಗೆ ಮತ್ತು ಓದು ಬರಹದ ಪರೀಕ್ಷೆಯ ನೆಪದಲ್ಲಿ ಕಪ್ಪು ಜನರ ಮತ ಕಿತ್ತುಕೊಂಡಿತು. ಅದು ಸರಿಯಾಗಿ ವಾಪಸ್ ಸಿಕ್ಕಿದ್ದು 1965ರ ಮತದಾನದ ಹಕ್ಕಿನ ಕಾನೂನಿನಿಂದ. ನಿಮ್ಮ ಲೇಖನ ಕನಿಷ್ಠ ಅಲ್ಲಿಯವರೆಗೆ ಹೋಗಬೇಕು.

ಸಣ್ಣದೊಂದು ತಿದ್ದುಪಡಿ. ಸತ್ತವರು 6,20,000 ಎಂಬುದು ಹಳೆಯ ಅಂದಾಜು. ಈಗಿನ ಸಂಶೋಧಕರು 7 ಲಕ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಎನ್ನುತ್ತಾರೆ.

ಮೊದಲು ಪರಿಣಾಮದ ಭಾಗವನ್ನು ಹೊಸದಾಗಿ ಬರೆದು ಅದನ್ನಷ್ಟೇ ಕಳಿಸಿ. ನೋಡಿ ಹೇಳುತ್ತೇನೆ. ಆಮೇಲೆ ಉಳಿದದ್ದಕ್ಕೆ ಕೈಹಾಕಿ. ಆತುರವೇನಿಲ್ಲ.

ವಿಶ್ವಾಸದಿಂದ,
ಸಂಪಾದಕ