ಸಲೈನ್ ಹಾಕಿಸಿದ ಮರುದಿನ ನೋಡಿ

ಪ್ರಶ್ನೆ: ನಮ್ಮ ರಾಜಾ 13 ವರ್ಷದ ಲ್ಯಾಬ್ರಡಾರ್, ತೂಕ 28 ಕಿಲೋ. ಎರಡೂ ಕಿಡ್ನಿ ಸೋತಿವೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) 6.2. ದಿನ ಬಿಟ್ಟು ದಿನ ಸಲೈನ್ ಹಾಕಿಸುತ್ತಿದ್ದೇವೆ. ಇನ್ನು ಸಾಕು ಅನ್ನಿಸುತ್ತದೆ. ಅತ್ತೆಯವರು ಮಾತ್ರ ‘ತಾನಾಗೇ ಹೋಗಲಿ, ದಯಾಮರಣದ ಇಂಜೆಕ್ಷನ್ ಕೊಡಿಸಿ ಪಾಪ ಕಟ್ಟಿಕೊಳ್ಳಬೇಡಿ’ ಅನ್ನುತ್ತಾರೆ. ಯಾವಾಗ ನಿಲ್ಲಿಸಬೇಕು? ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ.
– ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ಕ್ರಿಯಾಟಿನಿನ್ 5 ದಾಟಿದರೆ ಕಿಡ್ನಿ ಕಾಯಿಲೆಯ ಕೊನೆಯ ಹಂತ. ಹಾಗಂತ ಆ ಅಂಕಿ ನೋಡಿ ದಿನ ಗೊತ್ತು ಮಾಡಲಾಗದು. ಸಲೈನ್ ಹಾಕಿಸಿದ ದಿನ ಯಾವ ನಾಯಿಯೂ ಸ್ವಲ್ಪ ಚುರುಕಾಗುತ್ತದೆ. ನೀವು ನೋಡಬೇಕಾದದ್ದು ಮರುದಿನವನ್ನು. ಮೊದಲು ಎರಡು ದಿನ ಎದ್ದು ಓಡಾಡುತ್ತಿದ್ದವನು ಈಗ ಅರ್ಧ ದಿನಕ್ಕೇ ಮುದುಡಿ ಮಲಗುತ್ತಿದ್ದರೆ ಸಲೈನಿನ ಕೆಲಸ ಮುಗಿಯುತ್ತಾ ಬಂದಿದೆ. ದಿನಾ ರಾತ್ರಿ ಕ್ಯಾಲೆಂಡರಿನಲ್ಲಿ ಅದು ಒಳ್ಳೆಯ ದಿನವೋ ಕೆಟ್ಟ ದಿನವೋ ಎಂದು ಒಂದು ಗುರುತು ಹಾಕಿ. ಎರಡು ವಾರದಲ್ಲಿ ಕೆಟ್ಟ ದಿನಗಳೇ ಹೆಚ್ಚಾದರೆ ಉತ್ತರ ಅಲ್ಲೇ ಇದೆ.

ಊಟಕ್ಕೆ ಮುಖ ತಿರುಗಿಸಿದ ಕೂಡಲೇ ‘ಬದುಕುವ ಆಸೆ ಬಿಟ್ಟ’ ಅಂದುಕೊಳ್ಳಬೇಡಿ. ತಟ್ಟೆ ಮೂಸಿ, ತುಟಿ ನೆಕ್ಕಿ, ಜೊಲ್ಲು ಸುರಿಸಿ ಹಿಂದೆ ಸರಿದರೆ ಅದು ಹೊಟ್ಟೆ ತೊಳಸುವುದು. ವಾಂತಿ ತಡೆಯುವ ಔಷಧಿಗೆ ಬಗ್ಗುತ್ತದೆ. ತುಟಿ ಎತ್ತಿ ನಾಲಿಗೆಯ ಅಂಚನ್ನೂ ನೋಡಿ. ಅಲ್ಲಿ ಹುಣ್ಣಿದ್ದರೆ ಹಸಿವಿದ್ದರೂ ತಿನ್ನಲಾರ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟೀರಿ ಜೋಕೆ, ಕಿಡ್ನಿಯಲ್ಲಿ ಉಳಿದಿರುವ ಶಕ್ತಿಯೂ ಹೋಗುತ್ತದೆ.

ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಒಳ್ಳೆಯ ದಿನಗಳು: ಈ ಏಳಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು (ಹತ್ತು ಅಂದರೆ ಚೆನ್ನಾಗಿದೆ, ಸೊನ್ನೆ ಅಂದರೆ ತೀರಾ ಕೆಟ್ಟಿದೆ), ಒಟ್ಟು 35 ದಾಟಿದರೆ ಮುಂದುವರಿಸಬಹುದು ಅನ್ನುವ ಪಟ್ಟಿಯೊಂದು ಪಶುವೈದ್ಯರಲ್ಲಿ ಬಳಕೆಯಲ್ಲಿದೆ. ಒಳ್ಳೆಯದೇ, ಆದರೆ ಮೊತ್ತ ಮೋಸ ಮಾಡುತ್ತದೆ. ನೋವಿಗೆ ಸೊನ್ನೆ, ಮಿಕ್ಕದ್ದಕ್ಕೆ ಏಳೇಳು ಬಂದರೂ 42! ಉಸಿರಾಡಲು ಒದ್ದಾಡುವುದು, ಔಷಧಿಗೆ ಬಗ್ಗದ ನೋವು, ಇವೆರಡರಲ್ಲಿ ಒಂದಿದ್ದರೂ ನಿಲ್ಲಿಸಲು ಸಾಕು. ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಮತ್ತೆ ಮತ್ತೆ ಬಂದರೆ ಸಲೈನ್ ಹೆಚ್ಚಾಗಿ ಎದೆಯಲ್ಲಿ ನೀರು ತುಂಬುತ್ತಿರಬಹುದು. ಮುಂದಿನ ಬಾಟಲಿಗೆ ಮುನ್ನ ಡಾಕ್ಟರಿಗೆ ತಿಳಿಸಿ.

ಅತ್ತೆಯವರಿಗೆ ಇಷ್ಟು ಹೇಳಿ: ಕಿಡ್ನಿ ಸೋತ ನಾಯಿ ನಿದ್ದೆಯಲ್ಲೇ ಹೋಗುವುದು ಅಪರೂಪ. ವಾಂತಿ, ಬಾಯಿಹುಣ್ಣು, ಕೆಲವೊಮ್ಮೆ ಫಿಟ್ಸ್, ಹೀಗೆ ದಿನಗಟ್ಟಲೆ ಎಳೆಯುತ್ತದೆ. ತೀರಾ ಕೊನೆಗೆ ಬಿಪಿ ಇಳಿದರೆ ರಕ್ತನಾಳವೂ ಸಿಗುವುದಿಲ್ಲ, ಸೂಜಿ ನಾಲ್ಕೈದು ಸಲ ಚುಚ್ಚಬೇಕಾಗುತ್ತದೆ. ಅದಕ್ಕೇ ಒಂದು ದಿನ ಮುಂಚೆಯೇ ಮೇಲು.

ಡಾಕ್ಟರನ್ನು ಮನೆಗೇ ಕರೆಸಿ. ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತೀರಾ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ನಿದ್ದೆ ಹತ್ತಿದ ಮೇಲೆ ಅರಿವಳಿಕೆಯ ಹೆಚ್ಚಿನ ಡೋಸ್ ರಕ್ತನಾಳಕ್ಕೆ. ಒಂದೆರಡು ನಿಮಿಷದ ಕೆಲಸ. ಕಣ್ಣು ಮುಚ್ಚುವುದಿಲ್ಲ, ಆಮೇಲೂ ಒಂದೆರಡು ಏದುಸಿರು ಬರಬಹುದು, ಮೂತ್ರ ಹೋಗಬಹುದು. ಮನೆಯ ಮಕ್ಕಳು ಪಕ್ಕದಲ್ಲಿ ಕೂರುವುದಾದರೆ ಅವರಿಗೆ ಇದನ್ನು ಮೊದಲೇ ಹೇಳಿರಿ, ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ.

ಸಾಕುಪ್ರಾಣಿಗಳಿಗಾಗಿ ಮಲಾಡಿನಲ್ಲಿ ಪಾಲಿಕೆಯ ಅನಿಲ ಚಿತಾಗಾರವಿದೆ. ಸಮಯ ಮೊದಲೇ ಗೊತ್ತು ಮಾಡಿಕೊಳ್ಳಿ. 28 ಕಿಲೋ ಇಳಿಸಲು ದಪ್ಪ ಬೆಡ್‌ಶೀಟ್, ಇಬ್ಬರು ಗಟ್ಟಿ ಆಳು ಬೇಕು. ಉಸಿರು ನಿಂತ ಕೂಡಲೇ ಕಾಲು ಮಡಚಿ ಮಲಗಿಸಿ. ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಂಡರೆ ಮೆಟ್ಟಿಲಿನ ತಿರುವಿನಲ್ಲಿ ತಿರುಗಿಸುವುದು ಕಷ್ಟ.